ಅತ್ತೆ ಓದಿದ ಕೋಡ್

ವಿಜಯಪುರದಲ್ಲಿ ನಾದಿನಿಯ ಮಗಳ ನಿಶ್ಚಿತಾರ್ಥ ಭಾನುವಾರಕ್ಕಿತ್ತು. ಶನಿವಾರ ಬೆಳಿಗ್ಗೆ ನಾವು ಮುಂಬೈಯ ಮುಲುಂಡಿನಿಂದ ಕಾರಿನಲ್ಲಿ ಹೊರಡುವುದೆಂದು ಗೊತ್ತಾಗಿತ್ತು. ಗುರುವಾರ ಕಾರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿತು. ಸಿಗ್ನಲ್ಲಿನಲ್ಲಿ ನಿಂತಾಗ ಗಾಡಿ ಚಳಿ ಬಂದವರಂತೆ ನಡುಗಿತು. ನನ್ನ ಗಂಡ ಮನೆಗೆ ಬಂದು ಕಪ್ಪು ಟೇಪು ಹುಡುಕಿಕೊಂಡು ಹೋಗಿ ಆ ದೀಪದ ಮೇಲೆ ಒಂದು ತುಂಡು ಅಂಟಿಸಿದರು.

"ಈಗ ಬರೋಬ್ಬರಿ ಆತು," ಎಂದರು.

"ಏನ್ ಬರೋಬ್ಬರಿ ಆತ್ರೀ?"

"ಕಣ್ಣಿಗೆ ಚುಚ್ಚತಿತ್ತು."

ನಾನು ಪೆಥಾಲಜಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ರಿಪೋರ್ಟಿನ ಲಕೋಟೆಯನ್ನು ಒಡೆಯದೆ ಹಾಗೇ ಚೀಲದಲ್ಲಿಟ್ಟುಕೊಂಡು ಹೋಗುವವರನ್ನು ದಿನಾ ನೋಡುತ್ತೇನೆ. ಅಂಥವರೊಬ್ಬರ ಜೊತೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇನೆಂದು ಅಂದು ತಿಳಿಯಿತು.

ನಮ್ಮ ಮೆಕ್ಯಾನಿಕ್ ಊರಿಗೆ ಹೋಗಿದ್ದ. ಇನ್ನೊಂದು ಗ್ಯಾರೇಜಿನವರು ಮಂಗಳವಾರ ಬನ್ನಿ ಎಂದರು. ಲ್ಯಾಬಿನ ಗೆಳತಿಯೊಬ್ಬಳ ಬಳಿ ಸ್ಕ್ಯಾನರ್ ಇತ್ತು. ಬೆಂಕಿಪೊಟ್ಟಣದಷ್ಟಿರುವ ಅದನ್ನು ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಕಾರಿನ ದೂರು ಮೊಬೈಲಿಗೆ ಬರುತ್ತದೆ. ಅದನ್ನು ಕೇಳಿ ತಂದು ಶುಕ್ರವಾರ ರಜೆ ಹಾಕಿದೆ.

ಗಂಡ ಲೋಕಲ್ ರೈಲು ಹಿಡಿದು ಆಫೀಸಿಗೆ ಹೋದ ಮೇಲೆ ಪಾರ್ಕಿಂಗಿಗೆ ಇಳಿದೆ. ಹಿಂದೆಯೇ ಅತ್ತೆ ಬಂದರು. ಎಪ್ಪತ್ತಾರು ವರ್ಷ, ನಿವೃತ್ತ ಗಣಿತ ಶಿಕ್ಷಕಿ. ಕೇಳದೆ ಡ್ರೈವರ್ ಸೀಟಿನಲ್ಲಿ ಕುಳಿತು ಸೆರಗು ಸರಿ ಮಾಡಿಕೊಂಡರು. ಸ್ಕ್ಯಾನರ್ ಸಿಕ್ಕಿಸಿ ಮೊಬೈಲನ್ನು ಅವರ ಕೈಗೇ ಕೊಟ್ಟೆ.

"ಪಿ, ಸೊನ್ನಿ, ಮೂರು, ಸೊನ್ನಿ, ಮೂರು," ಎಂದು ಹಾಜರಿ ಕರೆಯುವ ದನಿಯಲ್ಲಿ ಓದಿದರು.

ಮೂರನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದು ಅದರ ಅರ್ಥ. ಯಾಕೆ ಎನ್ನುವುದನ್ನು ಕೋಡ್ ಹೇಳುವುದಿಲ್ಲ. ಕಿಡಿಗೆ ಕರೆಂಟು ಕೊಡುವ ಕಾಯಿಲ್ ಇರಬಹುದು, ಪ್ಲಗ್ ಇರಬಹುದು, ಬೇರೆ ಏನಾದರೂ ಇರಬಹುದು. ಮೂರನೆಯದರ ಕಾಯಿಲನ್ನು ಒಂದನೆಯದಕ್ಕೆ ಹಾಕಿ, ಒಂದನೆಯದನ್ನು ಅಲ್ಲಿಗೆ ಹಾಕಿ ನೋಡುತ್ತೇನೆ ಎಂದು ಅತ್ತೆಗೆ ಹೇಳಿದೆ.

"ತಿಳೀತು. ಹುಡುಗೂರ ಜಾಗಾ ಬದಲ ಮಾಡಿ, ಗದ್ದಲ ಯಾ ಬೆಂಚಿನಿಂದ ಬರತೈತಿ ನೋಡೂದು."

ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಎಂಜಿನ್ ತಣ್ಣಗಿತ್ತು. ಎರಡು ಬೋಲ್ಟು ಬಿಚ್ಚಿದೆ. ಕಾಯಿಲಿನ ವೈರು ಕಳಚಲು ಹೋಗಿ ಉಗುರು ಮುರಿಯಿತು. ಅನುಮಾನದ ಕಾಯಿಲಿಗೆ ರಕ್ತದ ಬಾಟಲಿಗೆ ಹಚ್ಚುವ ಚೀಟಿಯನ್ನೇ ಹಚ್ಚಿ ಮೂರು ಎಂದು ಬರೆದೆ. ಆಗ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಬಂದರು.

"ಭಾಭೀ, ಭಾಯ್‌ಸಾಬ್ ಘರ್ ಪೆ ನಹೀ ಹೈ ಕ್ಯಾ?" ಗಂಡ ಮನೆಯಲ್ಲಿಲ್ಲವೇ ಎಂದು ಅವರ ಪ್ರಶ್ನೆ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕಿಟಕಿಯಿಂದ ತಲೆ ಹೊರಹಾಕಿದರು. "ಅಂವಾ ಇದ್ದಿದ್ರ ಇನ್ನೊಂದು ಟೇಪ್ ಹಚ್ಚತಿದ್ದ," ಎಂದು ಕನ್ನಡದಲ್ಲೇ ಹೇಳಿದರು. ಸೆಕ್ರೆಟರಿ "ಅಚ್ಛಾ, ಅಚ್ಛಾ" ಎನ್ನುತ್ತ ಲಿಫ್ಟಿನ ಕಡೆ ಹೋದರು.

ಎರಡೂ ಕಾಯಿಲುಗಳನ್ನು ಅದಲುಬದಲು ಮಾಡಿ, ಟೇಪು ಕಿತ್ತು, ಹಳೆಯ ಕೋಡ್ ಅಳಿಸಿ ಗಾಡಿ ಶುರು ಮಾಡಿದೆ. ಅತ್ತೆ ಪಕ್ಕದ ಸೀಟಿಗೆ ಸರಿದಿದ್ದರು. ಬಿಲ್ಡಿಂಗಿಗೆ ಎರಡು ಸುತ್ತು ಹಾಕುವಷ್ಟರಲ್ಲಿ ಗಾಡಿ ಮತ್ತೆ ನಡುಗಿತು, ದೀಪ ಹತ್ತಿತು. ಜೀವನದಲ್ಲಿ ಕೆಟ್ಟ ಸುದ್ದಿಗೆ ಅಷ್ಟು ಆಸೆಯಿಂದ ನಾನು ಕಾದದ್ದಿಲ್ಲ.

"ಪಿ, ಸೊನ್ನಿ, ಮೂರು, ಸೊನ್ನಿ..." ಅತ್ತೆ ಕನ್ನಡಕ ಏರಿಸಿಕೊಂಡರು. "ಒಂದು! ಸಿಕ್ಕಬಿದ್ದ ನೋಡವಾ."

ಕಾಯಿಲಿನ ಜೊತೆ ದೋಷವೂ ಜಾಗ ಬದಲಿಸಿತ್ತು. ಚೀಟಿ ಹಚ್ಚಿದ್ದನ್ನು ಬಿಚ್ಚಿ ರಿಕ್ಷಾದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಅಂಗಡಿಯವರು ಅದನ್ನು ತಿರುಗಿಸಿ ನೋಡಿ, "ಕೌನ್ಸೆ ಗ್ಯಾರೇಜ್ ಸೆ ಆಯೇ?" ಎಂದು ಯಾವ ಗ್ಯಾರೇಜಿನವಳೆಂದು ವಿಚಾರಿಸಿದರು. "ಘರ್ ಸೆ," ಎಂದೆ. ಅವರು ಒಂದು ಕ್ಷಣ ನನ್ನ ಮುರಿದ ಉಗುರು ನೋಡಿ ಹೊಸದನ್ನು ತೆಗೆದುಕೊಟ್ಟರು.

ಹೊಸ ಕಾಯಿಲ್ ಹಾಕಿ, ಕೋಡ್ ಅಳಿಸಿ ಕೀಲಿ ತಿರುಗಿಸಿದೆ. ಗಾಡಿ ನಡುಗಲಿಲ್ಲ. ಮುಲುಂಡ್ ಚೆಕ್‌ನಾಕಾದವರೆಗೆ ಹೋಗಿ ಬಂದೆವು, ದೀಪ ಹತ್ತಲಿಲ್ಲ. ಸಂಜೆ ಗಂಡ ಬಂದು ಒಂದು ಸುತ್ತು ಓಡಿಸಿ ನೋಡಿದರು. "ಟೇಪ್ ಯಾಕ ತೆಗದಿ?" ಎಂದರು. ಅತ್ತೆ ಉತ್ತರ ಕೊಟ್ಟರು. ಅದನ್ನು ಇಲ್ಲಿ ಬರೆಯುವುದಿಲ್ಲ.

ವಿಜಯಪುರಕ್ಕೆ ಸುಖವಾಗಿ ತಲುಪಿದೆವು. ಊಟಕ್ಕೆ ಕೂರುವಷ್ಟರಲ್ಲಿ ಅತ್ತೆ ಎಲ್ಲರಿಗೂ ಸುದ್ದಿ ಹೇಳಿ ಮುಗಿಸಿದ್ದರು. ಕೈ ತೊಳೆಯುವಾಗ ವರನ ತಂದೆ ನನ್ನ ಹತ್ತಿರ ಬಂದು, ತಮ್ಮ ಗಾಡಿಯ ಕ್ಲಚ್ ಬಿಗಿಯಾಗಿದೆ, ಸ್ವಲ್ಪ ನೋಡಬಹುದೇ ಎಂದು ವಿನಯದಿಂದ ಕೇಳಿದರು.