ಗಂಗವ್ವನ ಪಾಲಿನ ಹೋಳಿಗೆ

ಉದ್ಯಾನಕ್ಕೆ ಹೋದ ಮೇಲೆ ಏನು ಮಾಡಬೇಕೆಂಬುದು ನನಗೆ ಈ ವಯಸ್ಸಿನಲ್ಲೂ ತಿಳಿದಿಲ್ಲ. ಬಸವನ ಬಾಗೇವಾಡಿ ಕಡೆಯ ನಾವು ಏನಾದರೊಂದು ಕೆಲಸವಿದ್ದರೇ ಹೊಸ್ತಿಲು ದಾಟುವವರು: ಸಂತೆಗೆ, ಮದುವೆಗೆ, ಸತ್ತವರ ಮಣ್ಣಿಗೆ. ಬರೀ ನೋಡಿ ಬರುವುದೆಂದರೆ ಸಂಕೋಚ. ಹಾಗಾಗಿ ಕೃಷ್ಣೆಯ ದಂಡೆಯ ಆ ಹಳೆಯ ಉದ್ಯಾನದಲ್ಲಿ ನಾನು ಕೈ ಹಿಂದೆ ಕಟ್ಟಿಕೊಂಡು, ತಪಾಸಣೆಗೆ ಬಂದ ಸಾಹೇಬನಂತೆ ಗಿಡಗಳ ಫಲಕ ಓದುತ್ತ ತಿರುಗುತ್ತೇನೆ. ಬೇವಿನ ಲ್ಯಾಟಿನ್ ಹೆಸರಿಗೆ ತಲೆದೂಗುತ್ತೇನೆ. ಬೇವಿಗೂ ಅದು ಹೊಸ ಸುದ್ದಿಯೇ ಇರಬೇಕು.

ಕಳೆದ ಸಲ ಜೊತೆಗೆ ಸೋದರತ್ತೆ ನೀಲವ್ವ ಬಂದಿದ್ದಳು. ಹಳೆಯ ಕೊಲ್ಹಾರಕ್ಕೆ ಕೊಟ್ಟ ಹೆಣ್ಣು. ಆ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು, ಅವಳು ಹೊಸ ಊರಿಗೆ ಬಂದಳು. ಅವಳಿಗೆ ಉದ್ಯಾನದಲ್ಲಿ ಕೆಲಸವಿತ್ತು. ಹೊಳೆಗೆ ಬಂದವರು ಗಂಗವ್ವನಿಗೆ ಎಡೆ ಕೊಡದೆ ಬುತ್ತಿ ಬಿಚ್ಚಬಾರದೆಂಬುದು ಅವಳ ಕಾಯಿದೆ. ನಮಗೆ ಸಜ್ಜೆ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ, ಗಂಗವ್ವನಿಗೆ ಹೋಳಿಗೆ. ಈ ಪಕ್ಷಪಾತವನ್ನು ನಾನು ಮನಸ್ಸಿನಲ್ಲೇ ಖಂಡಿಸಿದೆ.

ದಾರಿಯಲ್ಲಿ ಬೀಸುಕಲ್ಲು ಬೀಸುವ ಹೆಂಗಸಿನ ಸಿಮೆಂಟ್ ಶಿಲ್ಪವಿತ್ತು. ನಾನು ಕಲೆಯ ಬಗ್ಗೆ ನಾಲ್ಕು ಮಾತಾಡಿದೆ. ಅತ್ತೆ ಶಿಲ್ಪದ ಹೆಗಲ ಮೇಲಿನ ಹಕ್ಕಿಯ ಹಿಕ್ಕೆ ಒರೆಸಿ ಮುಂದೆ ನಡೆದಳು.

ಹೊಳೆ ಕಾಣುವ ಕಟ್ಟೆಗೆ ಬಂದರೆ ಎದೆಮಟ್ಟದ ಬೇಲಿ, ಮೆಟ್ಟಿಲಿಗೆ ಬೀಗ. ಆಚೆ ನೀರೋ ನೀರು. ಅದೇ ನೀರು ಮೇಲಕ್ಕೆ, ಅವಳ ಮುಳುಗಿದ ಅಡುಗೆಮನೆಯ ತನಕ ಹಬ್ಬಿದೆ. ಅತ್ತೆ ಬೇಲಿ ಹಿಡಿದು ಅತ್ತಲೇ ನೋಡುತ್ತ ನಿಂತಳು.

ಕಾವಲುಗಾರ ಬಂದ. ಹೊಳೆ ನೋಡಲಿಕ್ಕಷ್ಟೇ ಜನರನ್ನು ಬಿಡುವುದು, ನೀರಿಗೆ ಇಳಿಯಬೇಕಾದರೆ ಆಫೀಸಿನ ಪರವಾನಗಿ ಬೇಕು ಎಂದು ಮರ್ಯಾದೆಯಿಂದಲೇ ಹೇಳಿದ. ನನಗೆ ದೊಡ್ಡವರ ಪರಿಚಯವಿದೆ ಎಂದೆ. ಹಾಗೆನ್ನುವವರನ್ನು ಅವನು ದಿನಾ ನೋಡುತ್ತಾನೆ.

ಅತ್ತೆ ಹೋಳಿಗೆಯ ಗಂಟನ್ನು ಎದೆಗವಚಿಕೊಂಡು ಕೇಳಿದಳು: “ಹೊಳಿ ನಮ್ಮ ಮನಿಗಿ ಬರೂ ಮುಂದ ಯಾರ ಪರವಾನಗಿ ತಗೊಂಡಿತ್ತೋ ತಮ್ಮಾ?”

ಅವನು ಅತ್ತಿತ್ತ ನೋಡಿದ. ಬೀಗ ತೆಗೆದು, “ಲಗೂನ ಬರ್ರಿ ಯವ್ವಾ” ಎಂದು ಗುಲಾಬಿಗಳ ಕಡೆ ತಿರುಗಿ ನಿಂತ. ಆ ಉದ್ಯಾನದಲ್ಲಿ ಹೂಗಳನ್ನು ಅಷ್ಟು ಶ್ರದ್ಧೆಯಿಂದ ನೋಡಿದವರನ್ನು ನಾನು ಕಂಡಿಲ್ಲ.

ಅತ್ತೆ ಕೆಳಗಿಳಿದು ಅರಿಷಿಣ ಕುಂಕುಮ ಏರಿಸಿ, ಹೋಳಿಗೆ ಬಿಟ್ಟು ಕೈಮುಗಿದಳು. ಮೇಲೆ ಬಂದು, ಕಾವಲುಗಾರನನ್ನೂ ಕೂರಿಸಿಕೊಂಡು ಬುತ್ತಿ ಬಿಚ್ಚಿದಳು. ನನಗೆ ತಡೆಯಲಾಗಲಿಲ್ಲ. ಮನೆ ಮುಳುಗಿಸಿದವಳಿಗೆ ಇಷ್ಟು ಉಪಚಾರ ಯಾಕೆಂದು ಕೇಳಿದೆ.

ಅತ್ತೆ ರೊಟ್ಟಿಯ ಮೇಲೆ ಹಿಂಡಿ ಹಾಕುತ್ತ ಹೇಳಿದಳು: “ಈಗ ನಮ್ಮ ಮನ್ಯಾಗ ಇರಾಕಿ ಅಕಿನ ಅಲ್ಲೇನು? ಉಪಾಸ ಹೆಂಗ ಇಡೂದು?”