ಹಳ್ಳದ ಏರಿನಲ್ಲಿ ಎರಡು ಪಿಕಪ್

ಶಿರಾದ ಕಲಂದರ್‌ಗೆ ಐವತ್ತಾರು ವರ್ಷ, ಅವರ ಪಿಕಪ್‌ಗೆ ಹದಿನೇಳು. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿ; ಎಂಜಿನ್ ಅರವತ್ತಮೂರು ಅಶ್ವಶಕ್ತಿ. ಏಳು ವರ್ಷಗಳಿಂದ ಅದು ರಾಯಚರ್ಲು ಬಳಿ ಸೋಲಾರ್ ಫಲಕ ತೊಳೆಯುವ ಹೆಂಗಸರನ್ನೂ ನೀರನ್ನೂ ಹೊತ್ತು ಹಳ್ಳ ದಾಟುತ್ತಿದೆ. ಬಿಸಿಲೇರಿ ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಅದು ಸೀಳಬಹುದು. ಹಾಗಾಗಿ ಬೆಳಿಗ್ಗೆ ಎಂಟರೊಳಗೆ ಕೆಲಸ ಮುಗಿಯಬೇಕು. ಅದಕ್ಕೆಂದೇ ಅವರು ಪಾವಗಡದಲ್ಲಿ ಒಂದು ಕೋಣೆ ಹಿಡಿದಿದ್ದರು. ಮನೆ ಕಾಣುತ್ತಿದ್ದುದು ಭಾನುವಾರ ಮಾತ್ರ.

ಈ ವರ್ಷ ರಾಯಚರ್ಲಿನ ರಂಗೇಶ್ ಹೊಸ ಪಿಕಪ್ ತಂದ. ಅಶ್ವಶಕ್ತಿ ನೂರ ಅರವತ್ತು. ಕೆಲಸದ ಉಸ್ತುವಾರಿ ನೋಡುವ ಲೋಹಿತಾ, ಒಂದೇ ಗಾಡಿ ಸಾಕು, ನೀರು ಹೊತ್ತು ಹಳ್ಳದ ಏರು ಚೆನ್ನಾಗಿ ಹತ್ತಿದ ಗಾಡಿಗೆ ವರ್ಷದ ಕೆಲಸ ಎಂದರು.

"ಸಾಬ್ರೇ, ನಿಮ್ ಮುದುಕೀನ ಮನೇಲೇ ಬುಟ್ಟು ಬರೋದಲ್ವಾ?" ಎಂದ ರಂಗೇಶ್, ಹಳೆ ಪಿಕಪ್ ನೋಡಿ.

"ಮುದುಕಿ ಇನ್ನೂ ಅಡುಗೆ ಮಾಡ್ತಾಳೆ ಕಣ್ಲಾ. ಮದುಮಗಳು ಒಲೆ ಹಚ್ಚಲಿ, ನೋಡಾನ."

ಕಲಂದರ್ ಏಳುನೂರೈವತ್ತು ಲೀಟರಿನ ಟ್ಯಾಂಕನ್ನು ಕಂಠಮಟ್ಟ ತುಂಬಿಸಿ, ಕೆಳಗಿನ ಗೇರಿನಲ್ಲಿ ತೆವಳುತ್ತಾ ಹೋದರು. ದಡ ಮುಟ್ಟಲು ನಾಲ್ಕೂವರೆ ನಿಮಿಷ. ಹಿಂದೆ ಕೂತಿದ್ದ, ಫಲಕ ತೊಳೆಯುವ ಚಿಕ್ಕಹನುಮಕ್ಕನ ತೂಕಡಿಕೆ ಕೆಡಲಿಲ್ಲ.

ಗಾಡಿ ಹಗುರಾಗಿರಲಿ ಎಂದು ರಂಗೇಶ್ ಟ್ಯಾಂಕನ್ನು ಅರ್ಧಕ್ಕೇ ನಿಲ್ಲಿಸಿದ್ದ, ಜನರನ್ನೂ ಹತ್ತಿಸಿರಲಿಲ್ಲ. ಅರ್ಧ ಏರಿನಲ್ಲಿ ನೀರೆಲ್ಲ ಹಿಂದಕ್ಕೆ ನುಗ್ಗಿ ಮುಂದಿನ ಚಕ್ರಗಳು ಹಗುರಾದವು. ಮರುಕ್ಷಣ ನೀರು ಪಕ್ಕಕ್ಕೆ ಹೊರಳಿತು. ಪಿಕಪ್ ಅಡ್ಡ ಜಾರಿ ಜಾಲಿ ಪೊದೆಗೆ ಒರಗಿ ನಿಂತಿತು.

"ತುಂಬಿದ ಕೊಡ ತುಳುಕಲ್ಲ ಅಂತ ಇವ್ನಿಗೆ ಯಾರೂ ಹೇಳ್ಕೊಟ್ಟಿಲ್ವೇನಮ್ಮ," ಎಂದಳು ಚಿಕ್ಕಹನುಮಕ್ಕ.

ಲೋಹಿತಾ ಪೆನ್ನು ತೆಗೆದರು. "ಆಯ್ತು ಕಲಂದರ್ ಅವ್ರೇ, ಈ ವರ್ಷಾನೂ ನಿಮ್ದೇ."

ಕಲಂದರ್ ಕೆಳಗಿಳಿದು ಹೋಗಿ ರಂಗೇಶನ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರು.

"ಇದು ಸರಿಯಾಗಲ್ಲ ಮೇಡಂ. ನಂದು ತುಂಬಿದ್ ಟ್ಯಾಂಕು, ಇವನ್ದು ಅರ್ಧ. ಇನ್ನೊಂದ್ಸಲ ಹತ್ತಿಸ್ಲಿ. ಲೇ ರಂಗೇಶ, ಬಾಯಿಗಂಟ ತುಂಬ್ಸು."

ಪೊದೆಯಿಂದ ಬಿಡಿಸಿ, ಟ್ಯಾಂಕು ತುಂಬಿಸಿ ಹೊರಟ ಹೊಸ ಗಾಡಿ ಈ ಸಲ ಎರಡು ನಿಮಿಷದೊಳಗೆ ದಡದ ಮೇಲಿತ್ತು. ಲೋಹಿತಾ ಎಷ್ಟು ಸುತ್ತು, ಎಷ್ಟು ಹೊತ್ತು ಎಂದು ಲೆಕ್ಕ ಹಾಕಿದರು. ಹೊಸ ಗಾಡಿಯಾದರೆ ಏಳೂವರೆಗೇ ಕೆಲಸ ಮುಗಿಯುತ್ತದೆ. ಕಲಂದರ್ ಮುಖ ನೋಡದೆ, ಮೊದಲು ಬರೆದಿದ್ದನ್ನು ಹೊಡೆದುಹಾಕಿ ರಂಗೇಶನ ಹೆಸರು ಬರೆದರು.

"ಯಾಕ್ ಹೇಳಿದ್ರಿ ಸಾಬ್ರೇ?" ರಂಗೇಶ್ ಮೆಲ್ಲಗೆ ಕೇಳಿದ.

"ಹೇಳ್ದಿದ್ರೆ ನೀನು ನಾಳೆ ಇನ್ನೆಲ್ಲೋ ಅರ್ಧ ತುಂಬ್ಕೊಂಡು, ಇಂಥ ಹೆಂಗಸ್ರನ್ನ ಕೂರಿಸ್ಕೊಂಡು ಹೋಗ್ತಿದ್ದೆ."

ಹೆಂಗಸರು ಉದ್ದ ಕೋಲಿನ ಬ್ರಷ್‌ಗಳನ್ನು ಹೊಸ ಗಾಡಿಗೆ ಸಾಗಿಸಿದರು. ಕಲಂದರ್ ನಲ್ಲಿ ತಿರುಗಿಸಿ ತಮ್ಮ ಟ್ಯಾಂಕಿನ ನೀರನ್ನು ಅವರ ಕ್ಯಾನುಗಳಿಗೆ ಬಿಟ್ಟರು. ಬರಿದಾಗಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಚಕ್ರಕ್ಕೆ ಬೆನ್ನು ಕೊಟ್ಟು ಕೂತಿದ್ದರು.

ಪಾವಗಡದ ಕೋಣೆ ಖಾಲಿ ಮಾಡಿ, ಹಾಸಿಗೆ ಸುರುಳಿ ಕಟ್ಟಿ ಹಿಂದೆ ಹಾಕಿಕೊಂಡು ಶಿರಾದ ದಾರಿ ಹಿಡಿದರು. ಭಾರ ಹೊರಲೆಂದು ಮಾಡಿದ ಸ್ಪ್ರಿಂಗ್ ಪಟ್ಟಿಗಳು ಭಾರವಿಲ್ಲದೆ ಬಿಗಿದುಕೊಂಡಿದ್ದವು. ಪ್ರತಿ ಗುಂಡಿಗೂ ಗಾಡಿ ಸೊಂಟಕ್ಕೆ ಹೊಡೆಯುತ್ತಿತ್ತು. ಅವರು ವೇಗ ಇನ್ನಷ್ಟು ತಗ್ಗಿಸಿದರು. ಇನ್ನು ಎಂಟು ಗಂಟೆಯೊಳಗೆ ಮುಗಿಸಬೇಕಾದದ್ದು ಏನೂ ಇರಲಿಲ್ಲ.