ಸಾಲ್ವೋರಳ ಗೋಲುಗಳೂ ಅಂಗಂತೀರನ ಹಾರ್ನೂ

ಹ್ವಿನ್‌ವಿಕ್‌ನಲ್ಲಿ ಫುಟ್‌ಬಾಲ್ ನೋಡಲು ಬಂದವರು ಕಾರಿನಿಂದ ಇಳಿಯುವುದಿಲ್ಲ. ಇಳಿದರೆ ಬಾಗಿಲು ಕಿತ್ತು ಕೈಗೆ ಬರುತ್ತದೆ, ಟೋಪಿ ಸಮುದ್ರಕ್ಕೆ ಹೋಗುತ್ತದೆ, ಹಿಂದೆಯೇ ಟೋಪಿಯ ಯಜಮಾನನೂ ಹೋಗುವ ಸಂಭವವಿದೆ. ಹಾಗಾಗಿ ಕೊಟ್ಟಿಗೆಯಲ್ಲಿ ದನ ಕಟ್ಟಿದ ಹಾಗೆ ಮೈದಾನದ ಸುತ್ತ ಮೂತಿ ಒಳಗೆ ಮಾಡಿ ಕಾರು ನಿಲ್ಲಿಸಿಕೊಂಡು, ಒಣಮೀನಿಗೆ ಬೆಣ್ಣೆ ಸವರಿ ಅಗಿಯುತ್ತ ಕೂರುತ್ತಾರೆ. ಊರಿನ ತಂಡ ಗೋಲು ಹೊಡೆದರೆ ಹಾರ್ನ್ ಒತ್ತುತ್ತಾರೆ. ಚಪ್ಪಾಳೆ, ಶಿಳ್ಳೆ, ಹೆಮ್ಮೆ, ಪ್ರೀತಿ, ಏನಿದ್ದರೂ ಅಲ್ಲಿ ಹಾರ್ನೇ. ಬಾಯಿಬಿಟ್ಟು ಹೊಗಳುವ ರೂಢಿ ಆ ಊರಿನವರಿಗಿಲ್ಲ.

ಸಾಲ್ವೋರ್ ಆ ಊರಿನ ಹೆಂಗಸರ ತಂಡದ ಮುಂಪಡೆ ಆಟಗಾರ್ತಿ. ಹಗಲು ಮೀನು ಕಾರ್ಖಾನೆಯಲ್ಲಿ ಮುಳ್ಳು ತೆಗೆಯುವುದು, ಸಂಜೆ ಗೋಲು ಹೊಡೆಯುವುದು, ಇಷ್ಟರಲ್ಲೇ ಅವಳ ಪ್ರಾಯ ಕಳೆಯಿತು. ಅವಳು ಗೋಲು ಹೊಡೆದಾಗಲೆಲ್ಲ ಊರಿನ ಕಾರುಗಳು ಒಟ್ಟಿಗೆ ಅರಚಿಕೊಳ್ಳುತ್ತಿದ್ದವು, ಒಂದನ್ನು ಬಿಟ್ಟು. ಗಾಳಿ ಅಳೆಯುವ ಹವಾಮಾನ ಕಂಬದ ಹತ್ತಿರದ ಗೋಲಿನ ಎಡಗಡೆ, ಬೆಟ್ಟದ ಬದಿಗೆ, ಒಂದು ಹಸಿರು ರಷ್ಯನ್ ಜೀಪು ನಿಲ್ಲುತ್ತಿತ್ತು. ಅದರಲ್ಲಿ ಅವಳ ಅಪ್ಪ ಅಂಗಂತೀರ್ ಮತ್ತು ಅಮ್ಮ ಫ್ಯೋಲಾ ಕೂತಿರುತ್ತಿದ್ದರು. ಗೋಲು ಬಿದ್ದ ಕೂಡಲೇ ಸಾಲ್ವೋರ್ ಮೊದಲು ನೋಡುತ್ತಿದ್ದುದು ಆ ಜೀಪಿನ ಕಡೆಗೆ. ಜೀಪು ಕಲ್ಲಿನ ಹಾಗೆ ಸುಮ್ಮನಿರುತ್ತಿತ್ತು.

ಹಾರ್ನ್ ಕೆಟ್ಟಿದೆ ಎಂದು ಊರೆಲ್ಲ ಭಾವಿಸಿತ್ತು. ಗ್ಯಾರೇಜಿನವನು ಪಾಪ ತಾನಾಗಿಯೇ ಬಂದು ಬಿಚ್ಚಿ ನೋಡಿದ. ಹಾರ್ನ್ ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ಪರೀಕ್ಷಿಸುವಾಗ ಪಕ್ಕದ ಮನೆಯ ಕುರಿಗಳು ಬೇಲಿ ಹಾರಿ ಬೆಟ್ಟ ಹತ್ತಿದವು.

ಹಾರ್ನ್ ನೆಟ್ಟಗಿತ್ತು, ಆದರೆ ಅಂಗಂತೀರ್ ಹವಾಮಾನದ ಮನುಷ್ಯ. ಮೂರು ಗಂಟೆಗೊಮ್ಮೆ ಕಂಬದ ಬಳಿ ಹೋಗಿ ಗಾಳಿ ಅಳೆದು ರಾಜಧಾನಿಗೆ ಫೋನ್ ಮಾಡುವುದು, ರೇಡಿಯೊದವರು ಅದನ್ನು ಊರೂರಿನ ಹೆಸರು ಹೇಳಿ ಓದುವುದು, ಇದು ಅವನ ಕೆಲಸ ಮತ್ತು ಧರ್ಮ. ಒಂದೇ ಒಂದು ವರದಿಯನ್ನೂ ಅವನು ತಪ್ಪಿಸಿದವನಲ್ಲ. ಸಾಲ್ವೋರ್ ಹುಟ್ಟುವಾಗ ಫ್ಯೋಲಾ ಒಳಗೆ ನೋವಿನಿಂದ ಕೂಗುತ್ತಿದ್ದರೆ ಅವನು ಕಿಟಕಿಯಿಂದ ತಲೆ ಹಾಕಿ, "ಸ್ವಲ್ಪ ತಡ್ಕೊ ಫ್ಯೋಲಾ, ಆರು ಗಂಟೆದು ಕೊಟ್ಟು ಬಂದುಬಿಡ್ತೀನಿ" ಅಂದಿದ್ದನಂತೆ. ಫ್ಯೋಲಾ ತಡೆದುಕೊಳ್ಳಲಿಲ್ಲ. ಮೊದಲು ಗಾಳಿಯ ಸುದ್ದಿ ಊರು ಸೇರಿತು, ಆಮೇಲೆ ಮಗಳ ಸುದ್ದಿ.

ಸಾಲ್ವೋರ್ ಹುಡುಗಿಯಾಗಿದ್ದಾಗ ಮೊದಲ ಗೋಲು ಹೊಡೆದು ಓಡಿ ಬಂದು ಜೀಪಿನ ಗಾಜು ತಟ್ಟಿದ್ದಳು.

"ಅಪ್ಪಾ, ನೀನ್ಯಾಕೆ ಹಾರ್ನ್ ಒತ್ತಲಿಲ್ಲ?"

"ನೀನು ಚೆಂಡು ಹೊಡೆದದ್ದು ಎಲ್ಲಿಗೆ?"

"ಗೋಲಿಗೆ."

"ಸುಳ್ಳು ಹೇಳ್ಬೇಡ. ನಾನಿಲ್ಲೇ ಕೂತಿದ್ದೆ. ನೀನು ಹೊಡೆದದ್ದು ಗೋಲಿಂದ ಇಷ್ಟು ದೂರ ಎಡಕ್ಕೆ, ನನ್ನ ಮೂತಿಗೆ. ಬೆಟ್ಟದ ಗಾಳಿ ಅದನ್ನ ತಿರುಗಿಸಿ ಒಳಗೆ ಹಾಕ್ತು. ಗೋಲು ಗಾಳಿದು."

"ಒಂದೇ ಒಂದ್ಸಲ ಒತ್ತಬಾರ್ದಾ?" ಎಂದು ಫ್ಯೋಲಾ ಕೈ ಚಾಚಿದಳು. ಅಂಗಂತೀರ್ ಮೊಣಕೈ ಅಡ್ಡ ಇಟ್ಟ. ಅಂದಿನಿಂದ ಆ ಮೊಣಕೈ ಅಲ್ಲಿಂದ ಕದಲಲಿಲ್ಲ.

"ಗಾಳಿ ಇಲ್ಲದ ದಿನ ಒಂದು ಹಾಕು ಮಗಳೇ," ಅಂದ. "ಬ್ಯಾಟರಿ ಸಾಯೋ ತನಕ ಒತ್ತುತೀನಿ. ಮಾತು ಕೊಟ್ಟಿದೀನಿ."

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಮನುಷ್ಯ ಹೆಗ್ಗಣವನ್ನೂ ತಕ್ಕಡಿಗೆ ಹಾಕಿ ತೂಗುವವನು. ಹ್ವಿನ್‌ವಿಕ್‌ನಲ್ಲಿ ಗಾಳಿ ಇಲ್ಲದ ದಿನ ಇಲ್ಲವೆಂದಲ್ಲ, ಆದರೆ ಅಂಥ ದಿನ ಬಂದರೆ ಅದು ಜನವರಿಯಲ್ಲಿ, ಮೈದಾನದ ಮೇಲೆ ಆಳೆತ್ತರದ ಹಿಮ ಬಿದ್ದಾಗ. ಪಂದ್ಯದ ದಿನ ಗಾಳಿ ತಪ್ಪದೆ ಹಾಜರಾಗುತ್ತಿತ್ತು. ಸಮುದ್ರದ ಬದಿಗೆ ಒಬ್ಬ ಮುದುಕ ದೋಣಿಯಲ್ಲಿ ಬಲೆ ಹಿಡಿದು ಕೂತು, ಹಾರಿಬಿದ್ದ ಚೆಂಡುಗಳನ್ನು ಹೆಕ್ಕಿ ಎಸೆಯುತ್ತಿದ್ದ.

ಅಪ್ಪನ ತೀರ್ಪು ಊರಿನ ತೀರ್ಪಾಗಲು ತಡವಾಗಲಿಲ್ಲ. ಆ ಊರಿನಲ್ಲಿ ಯಾವುದೇ ವಿಷಯ ತೀರ್ಮಾನವಾಗುವುದು ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ, ಕುತ್ತಿಗೆಯವರೆಗೆ ಮುಳುಗಿ ಕೂತಾಗ. ಈಜುಕೊಳದ ಮೇಲ್ವಿಚಾರಕ ಹಾಫ್ಲಿಡಿಯೇ ತಂಡದ ಕೋಚ್ ಕೂಡ. ಅವನಿಗೆ ನಾಲಿಗೆ ತುರಿಕೆ.

"ಏನೇ ಸಾಲ್ವೋರ್, ನಿನ್ನೆ ಗಾಳಿ ಏನ್ ಚೆನ್ನಾಗಿ ಆಡ್ತು! ನೀನೂ ಜೊತೇಲಿದ್ದೆ ಅಂತ ಕೇಳ್ದೆ."

"ಹಾಗಾದ್ರೆ ಮುಂದಿನ ವಾರ ಗಾಳಿನೇ ಆಡಿಸ್ಕೊ. ಬೂಟಿನ ಖರ್ಚಾದ್ರೂ ಉಳಿಯುತ್ತೆ."

"ಆಡಿಸ್ತಿದ್ದೆ ಕಣೆ. ಅಭ್ಯಾಸಕ್ಕೆ ನಿನಗಿಂತ ಸರಿಯಾಗಿ ಬರುತ್ತೆ ಅದು. ಆದ್ರೆ ಜೆರ್ಸಿ ಹಾಕಲ್ಲ ಅಂತದೆ."

ತೊಟ್ಟಿಯೆಲ್ಲ ನಕ್ಕಿತು. ಅವಳೂ ನಕ್ಕಳು. ಹೊಡೆದ ಚೆಂಡು ಹೊರಗೆ ಹೋಗುವಂತೆ ಕಂಡು ಒಳಗೆ ಬೀಳುವುದನ್ನು ಅವಳೂ ನೋಡಿದವಳೇ. ತಾನು ಏನು ಮಾಡುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಕಾಲು ಹೊಡೆಯುತ್ತಿತ್ತು, ಗೋಲು ಬೀಳುತ್ತಿತ್ತು.

ಒಂದು ವರ್ಷ ನಡುಚಳಿಗಾಲದ ಊರೂಟದಲ್ಲಿ ಈ ತಮಾಷೆ ಎಲ್ಲೆ ಮೀರಿತು. ಹುಳಿ ಬರಿಸಿದ ಶಾರ್ಕು, ಸುಟ್ಟ ಕುರಿತಲೆ ತಿಂದು, ಊರಿನವರು ಒಬ್ಬರನ್ನೊಬ್ಬರು ವೇದಿಕೆಯ ಮೇಲೆ ಆಡಿಕೊಳ್ಳುವ ಹಬ್ಬ ಅದು. ಹಾಫ್ಲಿಡಿ ಎದ್ದು, ಈ ಸಾಲಿನ ಅತಿ ಹೆಚ್ಚು ಗೋಲಿನ ಕಪ್ ಗಾಳಿಗೆ ಸಲ್ಲುತ್ತದೆ ಎಂದು ಘೋಷಿಸಿ, "ಗಾಳಿ ಕಡೆ ನೆಂಟರು ಯಾರಾದ್ರೂ ಬಂದಿದ್ರೆ ದಯವಿಟ್ಟು ಇಸ್ಕೊಳ್ಳಿ" ಅಂದ. ಅಂಗಂತೀರ್ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡ, ಕೋಟಿನ ಗುಂಡಿ ಹಾಕಿಕೊಂಡ, ವೇದಿಕೆ ಹತ್ತಿದ.

"ಗಾಳಿಗೆ ಬರೋಕಾಗಲಿಲ್ಲ," ಅಂದ. "ಕೆಲಸದಲ್ಲಿದೆ. ಅದರ ಪರವಾಗಿ ಧನ್ಯವಾದ."

ಜನ ಮೇಜಿನ ಮೇಲೆ ಬಿದ್ದು ನಕ್ಕರು. ಸಾಲ್ವೋರ್ ಮಾತ್ರ ನಗಲಿಲ್ಲ, ಯಾಕೆಂದರೆ ಹಾಲ್‌ನಲ್ಲಿ ತಮಾಷೆ ಮಾಡದೆ ಮಾತಾಡಿದವನು ಅವಳಪ್ಪ ಒಬ್ಬನೇ. ಅವನು ಆ ಕಪ್ಪನ್ನು ತಂತಿಯಿಂದ ಕಂಬಕ್ಕೆ ಕಟ್ಟಿದ. ಅದು ಚಳಿಗಾಲವಿಡೀ ಕಂಬಕ್ಕೆ ಬಡಿದುಕೊಳ್ಳುವ ಸದ್ದು ಅವಳ ಅಡುಗೆಮನೆಗೆ ಕೇಳುತ್ತಿತ್ತು.

ಅದೇ ಸಿಟ್ಟಿನಲ್ಲಿ ಅವಳು ರಾಜಧಾನಿಯ ಒಂದು ತಂಡಕ್ಕೆ ಸೇರಲು ಹೋದಳು. ಅವರು ಚಳಿಗಾಲದಲ್ಲಿ ಆಡುತ್ತಿದ್ದುದು ಚಾವಣಿ ಹಾಕಿದ ಹಾಲ್‌ನೊಳಗೆ. ಅಲ್ಲಿ ಅವಳು ಹೊಡೆದ ಮೊದಲ ಚೆಂಡು ಗೋಲಿನ ಎಡಕ್ಕೆ ಹೋಗಿ, ಗೋಡೆಯ ಮೇಲಿದ್ದ ಬೆಂಕಿ ಗಂಟೆಯ ಗಾಜಿಗೆ ಬಡಿಯಿತು. ಗಂಟೆ ಬಡಿದುಕೊಂಡಿತು, ಅಗ್ನಿಶಾಮಕದವರು ಬಂದರು. ಹೊಸ ಗಾಜು ಹಾಕಿಸಿದರು. ಎರಡನೆಯ ಚೆಂಡೂ ಅದಕ್ಕೇ. ವಾರದ ಕೊನೆಯ ಹೊತ್ತಿಗೆ ಅಗ್ನಿಶಾಮಕದವರಿಗೆ ಅವಳ ಹೆಸರು ಬಾಯಿಪಾಠವಾಗಿತ್ತು, ಬರುವಾಗ ಕಾಫಿ ತರುತ್ತಿದ್ದರು. ಅಲ್ಲಿನ ಕೋಚ್ ಮಾತ್ರ, "ನಿನಗೆ ಗೋಲೇ ಕಾಣಲ್ಲವೇನಮ್ಮ?" ಎಂದು ಬಸ್ಸಿಗೆ ಹತ್ತಿಸಿದ.

ಈ ಸುದ್ದಿ ಅವಳಿಗಿಂತ ಮೊದಲೇ ಬಿಸಿನೀರಿನ ತೊಟ್ಟಿ ಮುಟ್ಟಿತ್ತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮವಳು ಗಾಳಿ ಇಲ್ಲ ಅಂದ್ಲು," ಎಂದ ಹಾಫ್ಲಿಡಿ. ಗಾಳಿ ಬಂದಾಗ ತೂರಿಕೊಂಡವಳು ಎಂಬ ಹೆಸರು ಅವಳಿಗೆ ಗಟ್ಟಿಯಾಯಿತು. ಆಮೇಲೂ ಅವಳು ಬೇಸಿಗೆಗೊಂದರಂತೆ ಬೂಟು ಸವೆಸಿದಳು, ಮದುವೆಯಾದಳು, ಎರಡು ಹೆತ್ತಳು, ಗೋಲು ಹೊಡೆದಳು, ಜೀಪಿನ ಕಡೆ ನೋಡಿದಳು.

ಕೊನೆಗೆ ಮಂಡಿ ಸೋತಿತು. ಇದೇ ಕೊನೆಯದು ಎಂದು ಅವಳು ಹೇಳಿದ್ದ ಆಗಸ್ಟಿನ ಪಂದ್ಯದ ದಿನ, ಬೆಳಗ್ಗೆ ಎದ್ದರೆ ಕಂಬಕ್ಕೆ ಕಟ್ಟಿದ ಕಪ್ ಸದ್ದು ಮಾಡುತ್ತಿರಲಿಲ್ಲ. ಗಾಳಿ ನಿಂತಿತ್ತು. ಕಾರ್ಖಾನೆಯ ಹೊಗೆ ಗೆರೆ ಎಳೆದ ಹಾಗೆ ನೇರ ಮೇಲಕ್ಕೆ ಹೋಗುತ್ತಿತ್ತು. ಮುದುಕಿಯರು, ಇದು ಒಳ್ಳೆಯದಕ್ಕಲ್ಲ ಎಂದು ಕಿಟಕಿ ಮುಚ್ಚಿಕೊಂಡರು.

ಮೊದಲರ್ಧ ಯಾರೂ ಆಡಲಿಲ್ಲ, ಎಲ್ಲರೂ ಬಿದ್ದರು. ಹುಟ್ಟಿದಂದಿನಿಂದ ಗಾಳಿಗೆ ಒರಗಿಯೇ ನಡೆದ ಹುಡುಗಿಯರು ಒರಗಲು ಹೋಗಿ ಬೆಟ್ಟದ ಕಡೆಗೆ ಸಾಲಾಗಿ ಉರುಳಿದರು. ಎದುರು ತಂಡ ಪಕ್ಕದ ಕೊಲ್ಲಿಯದು, ಅವರದೂ ಅದೇ ಪಾಡು. ಹ್ವಿನ್‌ವಿಕ್‌ನ ಗೋಲ್‌ಕೀಪರ್, ಚೆಂಡು ಗಾಳಿಗೆ ತಿರುಗುತ್ತದೆಂದು ಪಕ್ಕಕ್ಕೆ ಜಿಗಿದಳು. ಅದು ತಿರುಗದೆ ನೆಟ್ಟಗೆ ಒಳಗೆ ಹೋಯಿತು. ಸಮುದ್ರದಲ್ಲಿ ದೋಣಿಯ ಮುದುಕ ಗೊರಕೆ ಹೊಡೆಯುತ್ತಿದ್ದುದು ಮೈದಾನಕ್ಕೆ ಕೇಳಿಸುತ್ತಿತ್ತು.

ಎರಡನೆಯ ಅರ್ಧಕ್ಕೆ ಸಾಲ್ವೋರ್ ಕಂಬದ ಕಡೆಯ ಗೋಲಿಗೆ ಹೊಡೆಯಬೇಕಿತ್ತು. ಎಡಗಡೆ ಹಸಿರು ಜೀಪು. ಇವತ್ತು ಒಂದು ಹಾಕಿದರೆ ಅದು ತನ್ನದೇ ಎಂದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಗಾಜಿನ ಹಿಂದೆ ಅವನು ಮೊಣಕೈ ಎತ್ತಿದ್ದನ್ನು ಅವಳು ಕಂಡಳು.

ಚೆಂಡು ಸಿಕ್ಕಿತು. ಹೊಡೆದಳು. ಅದು ಗೋಲಿನ ಎಡಕ್ಕೆ ಹಾರಿ, ತಿರುಗಿಸುವವರಿಲ್ಲದೆ, ಜೀಪಿನ ಬಲಗಣ್ಣಿಗೆ, ಅಂದರೆ ದೀಪಕ್ಕೆ ಬಡಿದು ಗಾಜು ಒಡೆಯಿತು.

"ಗೋಲು ಆಕಡೆ ಇದೆ ಕಣೇ!" ಎಂದು ಹಾಫ್ಲಿಡಿ ಕೂಗಿದ.

ಅವಳಿಗೆ ಅಳು ಬಂತು. ಮತ್ತೆ ಚೆಂಡು ಸಿಕ್ಕಿತು, ಈ ಸಲ ದೂರದಿಂದ, ಸಮುದ್ರದ ಬದಿಯಿಂದ. ನೇರ ಹೊಡಿ, ನೇರ ಹೊಡಿ ಎಂದು ಕಾಲಿಗೆ ಬೈದುಕೊಂಡೇ ಹೊಡೆದಳು. ಕಾಲು ಅವಳ ಮಾತು ಕೇಳಲಿಲ್ಲ. ಚೆಂಡು ಅದೇ ದೀಪಕ್ಕೆ ಹೋಗಿ ಒಳಗಿನ ಬಲ್ಬು ಮುಗಿಸಿತು. ಮೂರನೆಯದು ಬೀಳುತ್ತ ಬೀಳುತ್ತ ಹೊಡೆದದ್ದು. ಅದು ಆ ತೂತಿಗೇ ಹೋಗಿ, ಮೊಟ್ಟೆಗೂಡಿನಲ್ಲಿ ಮೊಟ್ಟೆ ಕೂತ ಹಾಗೆ ಸಿಕ್ಕಿಕೊಂಡಿತು.

ಅಂಗಂತೀರ್ ಜೀಪಿನಿಂದ ಇಳಿದ. ಪಂದ್ಯದ ನಡುವೆ ಕಾರಿನಿಂದ ಇಳಿದವರನ್ನು ಊರು ನೋಡಿದ್ದೇ ಇಲ್ಲ, ಆಟವೇ ನಿಂತಿತು. ಅವನು ದೀಪದ ಮುಂದೆ ಕುಕ್ಕರಗಾಲಲ್ಲಿ ಕೂತ. ಸಿಕ್ಕಿಕೊಂಡ ಚೆಂಡನ್ನು ಮುಟ್ಟಿ ನೋಡಿದ. ಎದ್ದು, ಅಲ್ಲಿಂದ ಗೋಲಿನವರೆಗೆ ಕಣ್ಣಲ್ಲೇ ಗೆರೆ ಎಳೆದ. ಕಂಬದ ಮೇಲೆ ಅಲುಗದೆ ನೇತಾಡುತ್ತಿದ್ದ ಕಪ್ಪನ್ನು ನೋಡಿದ. ಮಗಳನ್ನು ನೋಡಿದಾಗ ಅವನ ಮುಖ, ಯಾರೋ ಕಪಾಳಕ್ಕೆ ಬಾರಿಸಿದ ಹಾಗಿತ್ತು.

ಆಮೇಲೆ ಜೀಪು ಹತ್ತಿ ಹಾರ್ನ್ ಒತ್ತಿದ.

ಒತ್ತಿದ ಕೈ ತೆಗೆಯಲೇ ಇಲ್ಲ. ಕುರಿಗಳು ಬೆಟ್ಟ ಹತ್ತಿದವು. ದೋಣಿಯ ಮುದುಕ ಎದ್ದು, ಹಡಗು ಮುಳುಗಿತೆಂದು ಬಲೆ ಹಿಡಿದು ಹುಟ್ಟು ಹಾಕಿದ. ರೆಫರಿ ಗೊಂದಲಗೊಂಡು ಪಂದ್ಯ ಮುಗಿದ ಸೀಟಿ ಊದಿಬಿಟ್ಟ. ಹಾಫ್ಲಿಡಿ ಓಡಿ ಬಂದು ಗಾಜಿಗೆ ಗುದ್ದಿದ.

"ಸೋತಿದೀವಿ ಕಣೋ ಅಂಗಂತೀರ್! ಹೆತ್ತ ಮಗಳನ್ನ ಹೀಗಾ ಆಡ್ಕೊಳ್ಳೋದು? ಅವಳು ಗೋಲು ತಪ್ಪಿಸಿದ್ಲು!"

"ಅವಳು ಯಾವತ್ತೂ ತಪ್ಪಿಸಿಲ್ಲ," ಎಂದ ಅಂಗಂತೀರ್. ಹಾರ್ನಿನ ಸದ್ದಿಗೆ ಅದು, ಅಷ್ಟರಲ್ಲಿ ಕುಂಟುತ್ತ ಬಂದು ಕಿಟಕಿಗೆ ಮುಖ ಒತ್ತಿದ್ದ ಸಾಲ್ವೋರಳಿಗೆ ಮತ್ತು ಫ್ಯೋಲಾಳಿಗೆ ಬಿಟ್ಟು ಯಾರಿಗೂ ಕೇಳಿಸಲಿಲ್ಲ. ಫ್ಯೋಲಾ ತನ್ನ ಎರಡೂ ಕೈಯನ್ನು ಅವನ ಕೈಯ ಮೇಲಿಟ್ಟು ಒತ್ತಿದಳು. ಅವಳದು ಎಷ್ಟೋ ವರ್ಷದ ಬಾಕಿ.

ಹಾರ್ನ್ ನರಳಿ, ಬಿಕ್ಕಿ, ಸತ್ತಿತು. ಜೀಪು ಸ್ಟಾರ್ಟ್ ಆಗಲಿಲ್ಲ. ಎರಡೂ ತಂಡದ ಹೆಂಗಸರು ಸೇರಿ ಮನೆಯವರೆಗೆ ಏರಿನಲ್ಲಿ ತಳ್ಳಬೇಕಾಯಿತು. ಸಾಲ್ವೋರ್ ಅಪ್ಪನ ಕಿಟಕಿಯ ಪಕ್ಕ ಕುಂಟುತ್ತ ತಳ್ಳುತ್ತಿದ್ದಳು.

"ಇಷ್ಟು ವರ್ಷ ಗಾಳಿ ಅಳೆಯೋನು ಈ ಊರಲ್ಲಿ ನಾನೊಬ್ಬನೇ ಅಂದ್ಕೊಂಡಿದ್ದೆ," ಎಂದ ಅವನು, ರಸ್ತೆಯನ್ನೇ ನೋಡುತ್ತ. "ನೀನೂ ಅಳೀತಿದ್ದೆ. ನನಗಿಂತ ಸರಿಯಾಗಿ."

"ನಂಗೆ ಗೊತ್ತಿರ್ಲಿಲ್ಲ ಅಪ್ಪಾ."

"ನಂಗೆ ಗೊತ್ತಾಗ್ಬೇಕಿತ್ತು."

ಅವಳು ಅತ್ತಳು. ತಳ್ಳುವುದು ನಿಲ್ಲಿಸಲಿಲ್ಲ.

ಮನೆ ಮುಟ್ಟಿದಾಗ ಅಡುಗೆಮನೆಯ ರೇಡಿಯೊ ಸಂಜೆಯ ಹವಾಮಾನ ಓದುತ್ತಿತ್ತು. ಕರಾವಳಿಯ ಊರುಗಳು ಒಂದೊಂದಾಗಿ ಬಂದವು, ಗಾಳಿ ಇಷ್ಟು, ಮೋಡ ಇಷ್ಟು. ಹೊಸಿಲಲ್ಲಿ ಅಂಗಂತೀರ್ ಬೂಟು ಬಿಚ್ಚುತ್ತಿದ್ದವನು ತಲೆ ಎತ್ತಿದ. ಓದುವವಳು ಒಂದು ಕ್ಷಣ ತಡವರಿಸಿದಳು, ನಂಬಿಕೆ ಬಾರದವಳ ಹಾಗೆ.

"ಹ್ವಿನ್‌ವಿಕ್," ಎಂದಳು. "ವರದಿ ಬಂದಿಲ್ಲ."